ಮಿಸ್, ನನ್ನ ಸರದಿ ಬಂತಾ?

ಆ ಬಾವಿ ಕಡೆ ನೋಡ್ಬೇಡ, ನಡಿ. ಅದ್ರಲ್ಲಿ ಏನೂ ಇಲ್ಲ... ನೀರೂ ಇಲ್ಲ. ಹೆದರೋದಾದ್ರೆ ನಮ್ಮ ಚಿಕ್ಕಮ್ಮನ ಮಗಳಿಗೆ ಆಗಿದ್ದು ಕೇಳಿ ಹೆದರು.

ಅವಳು ಟೀಚರ್. ಅವರ ಶಾಲೇಲಿ ಒಂದು ಮೇಕರ್ ರೂಮಿದೆ. ಮಕ್ಕಳು ಮರ ಕೊಯ್ದು, ತಂತಿ ಜೋಡಿಸಿ, ಕೈಯಾರೆ ಏನಾದ್ರೂ ಮಾಡೋ ಕೋಣೆ. ಅದರ ಉಸ್ತುವಾರಿ ಇವಳ ತಲೆಗೆ ಕಟ್ಟಿದ್ರು. ಎಂಟು ತರಗತಿಗೆ ಅದೊಂದೇ ಕೋಣೆ, ಒಂದೇ ಡ್ರಿಲ್ಲು. ಗಂಟೆ ಹೊಡೆದಾಗ ಸಾಲಲ್ಲಿ ಇನ್ನೂ ಹತ್ತು ಮಕ್ಕಳು ನಿಂತಿರೋವು. "ಟೈಮ್ ಮುಗೀತು, ನಾಳೆ ಬನ್ನಿ" ಅನ್ನೋಳು. ಪಾಪ, ಅವಳಾದ್ರೂ ಏನ್ಮಾಡ್ತಾಳೆ?

ಅವತ್ತು ಗರಗಸಗಳನ್ನೆಲ್ಲ ರಿಪೇರಿ ಮಾಡಿ ಏಳೋಷ್ಟರಲ್ಲಿ ಕತ್ತಲಾಗಿತ್ತು. ಮೇನ್ ಸ್ವಿಚ್ ಆರಿಸಿ ಬಾಗಿಲಿಗೆ ಕೈ ಹಾಕಿದ್ಲು... ಬರ್ಲಿಲ್ಲ. ಬೀಗ ಅವಳ ಕೈಯಲ್ಲೇ ಇದೆ! ಎಳೆದ್ಲು, ಒದ್ದಳು. ಊಹೂಂ. ಕಿಟಕಿಗೆ ಕಬ್ಬಿಣದ ಸರಳು.

ಆಗ ಬೆನ್ನ ಹಿಂದೆ... ಚಪ್ಪಲಿ ಎಳೆಯೋ ಸದ್ದು. ಸರ್ರ್... ಸರ್ರ್... ಸಾಲು ಮುಂದಕ್ಕೆ ಸರಿಯುತ್ತಲ್ಲ, ಹಾಗೆ.

"ಮಿಸ್... ನನ್ನ ಸರದಿ ಬಂತಾ?"

ಹುಡುಗಿ ದನಿ. ಇವಳ ಬಾಯಿಂದ ರೂಢಿಯ ಮಾತೇ ಬಂತು. "ಟೈಮ್ ಮುಗೀತು. ನಾಳೆ..."

"ದಿನಾ ನಾಳೆ ಅಂತೀರಿ ಮಿಸ್."

ಈಗ ಕಿವಿ ಹತ್ರ. ಇವಳು ಬಾಗಿಲಿಗೆ ಅಂಟಿಕೊಂಡ್ಲು.

ಅಷ್ಟರಲ್ಲಿ ಕಿಟಕೀಲಿ ಟಾರ್ಚ್ ಬೆಳಕು! ಮಗಳು ಇನ್ನೂ ಮನೆಗೆ ಬರ್ಲಿಲ್ಲ ಅಂತ ಚಿಕ್ಕಮ್ಮ ವಾಚ್‌ಮನ್ ಜೊತೆ ಹುಡುಕ್ಕೊಂಡು ಬಂದಿದ್ರು. "ಅಮ್ಮಾ!" ಕಿರುಚಿದ್ಲು. ಬೆಳಕು ಅವಳ ಮುಖದ ಮೇಲೇ ಬಿತ್ತು. ಒಂದು ಕ್ಷಣ ನಿಂತಿತು...

"ಇಲ್ಲೂ ಇಲ್ಲ" ಅಂದ್ರು ಚಿಕ್ಕಮ್ಮ. ಹೊರಟೇ ಹೋದ್ರು.

ಕುಸಿದು ಕೂತ್ಲು. ಅಳ್ತಾ ಅಂದ್ಲು, "ನಿನ್ನದೇ ಸರದಿ ಕಣಮ್ಮಾ. ಹೋಗು."

"ಎಷ್ಟು ನಿಮಿಷ ಮಿಸ್?"

"ನಿಂಗೆ ಸಾಕಾಗೋವರೆಗೂ."

ಕರೆಂಟಿಲ್ಲದ ಡ್ರಿಲ್ಲು ಗುಂಯ್... ಅಂತು. ಮರಕ್ಕೆ ಇಳಿಯುವಾಗ ಕರ್ರ್... ಮತ್ತೆ ಗುಂಯ್. ರಾತ್ರಿಯಿಡೀ. ನಡುವೆ ಒಂದೇ ಸಲ ನಿಂತಿತು.

"ನೀವೂ ಇರ್ತೀರಲ್ವಾ ಮಿಸ್?"

"ಇರ್ತೀನಿ."

ಬೆಳಿಗ್ಗೆ ವಾಚ್‌ಮನ್ ಬೆರಳಲ್ಲಿ ತಳ್ಳಿದ, ಬಾಗಿಲು ತೆರೀತು. ಇವಳು ಆ ಕೆಲಸಕ್ಕೆ ಮತ್ತೆ ಹೋಗ್ಲಿಲ್ಲ.

ಕನಸು ಅಂತೀಯಾ? ಡ್ರಿಲ್ ಮುಂದೆ ಒಂದು ಕಬ್ಬಿಣದ ಸ್ಟೂಲಿದೆ, ಚಿಕ್ಕ ಮಕ್ಕಳಿಗೂ ಡ್ರಿಲ್ ಎಟುಕ್ಲಿ ಅಂತ ತಿರುಗಿಸಿ ಎತ್ತರ ಮಾಡೋ ಅಂಥದ್ದು. ತಿರುಪು ತುಕ್ಕು ಹಿಡಿದು ಎಷ್ಟೋ ವರ್ಷ ಆಗಿತ್ತು, ಇಬ್ಬರು ಗಂಡಸರು ತಿರುಗಿಸಿದ್ರೂ ಅಲ್ಲಾಡ್ತಿರ್ಲಿಲ್ಲ. ಅವತ್ತು ಅದು ಒಂದು ಗೇಣು ಮೇಲೆದ್ದಿತ್ತು. ನಾನೇ ಕೂತು ನೋಡಿದ್ದೀನಿ ಕಣೋ... ಕಾಲು ನೆಲಕ್ಕೆ ಎಟುಕಲ್ಲ.