ಯಾರಿಗೂ ಗೊತ್ತಾಗದ ಮೂಗು

ಕದ್ದು ಕೇಳಬಾರದೆಂದು ಮುಖವನ್ನೇನೋ ತಿರುಗಿಸಿದೆ; ತೆಹರಾನ್ ಮೆಟ್ರೋದ ಹೆಂಗಸರ ಬೋಗಿಯಲ್ಲಿ ಕಿವಿ ತಿರುಗಿಸಲು ಜಾಗವಿರಲಿಲ್ಲ.

"ಗೊಲ್ನಾರ್, ಸಂಜೆ ಹುಡುಗನ ಮನೆಯವರು ಬರ್ತಾರೆ. ಮೂಗಿಗೆ ಪ್ಲಾಸ್ಟರ್ ಅಂಟಿಸ್ಕೋ."

"ಅಮ್ಮಾ, ಮೂಗು ಚಂದ ಮಾಡಿಸೋ ಆಪರೇಷನ್ ಆಗಿ ವರ್ಷ ಆಯ್ತು. ಗಾಯ ಎಲ್ಲಿದೆ?"

"ಅದೇ ನನ್ನ ಸಂಕಟ! ನಿನ್ನ ಸೋದರತ್ತೆ ನಿನ್ನೆ ಕೇಳ್ತಾಳೆ, 'ಇವಳ ಮೂಗು ಯಾವಾಗ ಮಾಡಿಸ್ತೀರಿ?' ಅಂತ."

"ಸಹಜವಾಗಿರ್ಲಿ ಅಂತ ಡಾಕ್ಟರಿಗೆ ಹೇಳಿದ್ದು ನೀನೇ ಅಲ್ವಾ?"

"ಹೇಳಿದೆ. ಇಷ್ಟೊಂದು ಅನ್ನಲಿಲ್ಲ. ಊರಲ್ಲಿ ಅನುಕೂಲಸ್ಥರೆಲ್ಲ ಮಾಡಿಸಿ ಪ್ಲಾಸ್ಟರ್ ತೋರಿಸ್ಕೊಂಡು ಓಡಾಡ್ತಾರೆ; ಮೂಗು ಮಾಡಿಸೋ ಯೋಗ್ಯತೆ ನಮಗಿಲ್ಲ ಅಂದ್ಕೋತಾರೆ."

"ಸುಳ್ಳು ಪ್ಲಾಸ್ಟರ್ ಹಾಕಿದ್ರೆ ಅವರ ಮುಂದೆ ಚಹಾ ತರೋದೇ ಇಲ್ಲ ನಾನು."

ತಾಯಿ ಚೀಲದಿಂದ ಪ್ಲಾಸ್ಟರ್ ಹೊರತೆಗೆದರು.

"ಸರಿ, ನಾನೇ ಅಂಟಿಸ್ಕೋತೀನಿ. ಏನಾಯ್ತು ಅಂತ ಕೇಳೇ ಕೇಳ್ತಾರೆ. ಆಗ ನಿನ್ನ ಆಪರೇಷನ್ ಮಾತು ತೆಗೀತೀನಿ."

ತಜ್ರಿಶ್ ನಿಲ್ದಾಣದಲ್ಲಿ ಇಬ್ಬರೂ ಇಳಿದರು. ಮಗಳು ಬೇಡ ಬೇಡ ಎನ್ನುತ್ತಿದ್ದರೂ ತಾಯಿ ನಡೆಯುತ್ತಲೇ ಪ್ಲಾಸ್ಟರನ್ನು ತಮ್ಮ ಮೂಗಿನ ಮೇಲೆ ಒತ್ತಿಕೊಳ್ಳುತ್ತಿದ್ದರು.