ಜೋಳಿಗೆಗೆ ಬಿದ್ದ ಗುಳಿಗೆ

ಪ್ರತಿ ಶ್ರಾವಣದಲ್ಲಿ ಈ ಮಠದ ಕಟ್ಟೆಯ ಮೇಲೆ ಕೂತು, ನೀವು ಅಜ್ಜಾರು ಎಂದು ಕರೆಯುವ ಈ ಸ್ವಾಮಿ, ನಿಮಗೆ ನಾನು ಕಥೆ ಹೇಳುತ್ತೇನೆ. ಒಬ್ಬ ಶ್ರೀಮಂತನಿದ್ದ ಅನ್ನುತ್ತೇನೆ, ಒಬ್ಬ ಜಿಪುಣನಿದ್ದ ಅನ್ನುತ್ತೇನೆ, ಒಬ್ಬ ಮೂರ್ಖನಿದ್ದ ಅನ್ನುತ್ತೇನೆ. ನೀವು ನಗುತ್ತೀರಿ. ಯಾಕೆ ನಗುತ್ತೀರಿ? ಆ ಮೂರ್ಖ ಬೇರೆ ಊರಿನವನು ಅಂತ. ಪಕ್ಕದವನ ಸೊಂಟಕ್ಕೆ ತಿವಿದು, "ನಿನಗ ಹೇಳಾಕತ್ತಾರ ನೋಡಲೇ" ಅನ್ನುತ್ತೀರಿ. ನಾನು ಇಲ್ಲಿಂದ ಎಲ್ಲ ನೋಡುತ್ತಿರುತ್ತೇನೆ.

ಇವತ್ತು ಯಾರೂ ಯಾರಿಗೂ ತಿವಿಯಬೇಡಿ. ಇವತ್ತಿನ ಕಥೆಯ ಊರು ಇದೇ ಊರು. ಕಥೆಯಲ್ಲಿ ಬರುವ ಮೂರ್ಖ ನಾನು.

ಕಥೆಯಲ್ಲಿ ಒಬ್ಬ ತಾಯಿಯಿದ್ದಾಳೆ. ಅವಳ ಹೆಸರು ನಾನು ಹೇಳುವುದಿಲ್ಲ. ನೀಲವ್ವ ಎಂದು ಕರೆಯೋಣ. ನಿಜವಾದ ಹೆಸರು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ನನಗೆ ಗೊತ್ತಿದೆ ನಿಮಗೆ ಗೊತ್ತಿರುವುದು. ನಿನ್ನೆ ಸಂಜೆ ಅವಳ ಮನೆಗೆ ಹೋಗಿ ಕೇಳಿದೆ, "ಈ ಕಥಿ ಹೇಳಲೇನವಾ?" ಅವಳು ಒಲೆಯ ಮುಂದಿನಿಂದ ಏಳಲಿಲ್ಲ. "ಹೇಳ್ರಿ, ಒಂದು ವರ್ಷ ತಡಾ ಆತು" ಅಂದಳು. ಅಷ್ಟೇ ಅಂದಳು.

ನೋಡಿ, ನಾಲ್ಕು ವರ್ಷದ ಹಿಂದೆ ಈ ನೀಲವ್ವನ ಮನಸ್ಸು ಬಿದ್ದುಹೋಯಿತು. ಮನೆಯಲ್ಲಿ ಜಗಳವಿಲ್ಲ, ಸಾವಿಲ್ಲ, ಗಂಡ ವೆಲ್ಡಿಂಗ್ ಕೆಲಸದವನು, ಒಳ್ಳೆಯವನು. ನೀವೆಲ್ಲ ಕೇಳಿದಿರಿ, "ಈಕಿಗೇನು ಕಡಿಮಿ ಆಗೇತಿ?" ಜ್ವರ ಬಂದವನನ್ನು ನಿನಗೇನು ಕಡಿಮೆ ಆಗಿದೆ ಅಂತ ಕೇಳುತ್ತೀರಾ? ಕೇಳುವುದಿಲ್ಲ. ಇವಳನ್ನು ಕೇಳಿದಿರಿ. ಬೆಳಗಾದರೆ ಹಾಸಿಗೆಯಿಂದ ಏಳಲಾರಳು. ತಲೆ ಬಾಚಿಕೊಳ್ಳಲಾರಳು. ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದು, ನಾದುವುದನ್ನು ಮರೆತು, ಹಿಟ್ಟು ಒಣಗುವವರೆಗೆ ಅದನ್ನೇ ನೋಡುತ್ತ ಕೂರುತ್ತಿದ್ದಳು. ಗಂಡ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಮನೋರೋಗದ ಡಾಕ್ಟರು ಒಬ್ಬ ಹೆಣ್ಣುಮಗಳು. ಇದು ಖಿನ್ನತೆ, ಇದು ಕಾಯಿಲೆ, ಇದಕ್ಕೆ ಔಷಧವಿದೆ ಎಂದು ಹೇಳಿ ದಿನಕ್ಕೊಂದು ಗುಳಿಗೆ ಕೊಟ್ಟರು. ತಿಂಗಳು ಎರಡು ತಿಂಗಳಾಯಿತು. ನೀಲವ್ವ ಎದ್ದಳು. ಬರೀ ಎದ್ದಳಲ್ಲ, ಮನೆಯ ಪಡಸಾಲೆಯಲ್ಲಿ ರೊಟ್ಟಿ ಕೇಂದ್ರ ತೆಗೆದಳು. ಐದು ಜನ ಹೆಣ್ಣುಮಕ್ಕಳು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರೆ ಓಣಿಯ ತುದಿಯವರೆಗೆ ಆ ಸದ್ದು ಕೇಳುತ್ತಿತ್ತು. ಈ ಮಠದ ದಾಸೋಹಕ್ಕೆ ಖಡಕ್ ರೊಟ್ಟಿ ಬರುತ್ತಿದ್ದದ್ದು ಅವಳ ಮನೆಯಿಂದಲೇ. ನೀವೂ ತಿಂದಿದ್ದೀರಿ. ಚಪ್ಪರಿಸಿಕೊಂಡು ತಿಂದಿದ್ದೀರಿ.

ಆಮೇಲೆ ಹೋದ ವರ್ಷದ ಶ್ರಾವಣ ಬಂತು. ನಾನು ಬಂದೆ.

ದುಶ್ಚಟಗಳ ಭಿಕ್ಷೆ ಬೇಡುವುದು ಈ ಮಠದ ಪದ್ಧತಿ. ಜೋಳಿಗೆ ಹಿಡಿದು ನಾನು ಸಭೆಯಲ್ಲಿ ನಡೆಯುತ್ತೇನೆ, ನೀವು ನಿಮ್ಮ ಗುಟಕಾ, ಬೀಡಿ, ಇಸ್ಪೀಟು ಎಲ್ಲ ಅದರಲ್ಲಿ ಹಾಕುತ್ತೀರಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡುತ್ತೀರಿ. ಕೊನೆಗೆ ಎಲ್ಲವನ್ನೂ ಸುಡುತ್ತೇವೆ. ಒಳ್ಳೆಯ ಪದ್ಧತಿ. ಎಷ್ಟೋ ಮನೆ ಉಳಿದಿವೆ. ಆದರೆ ಅವತ್ತು ನನಗೆ ಮಾತಿನ ಮದ ಏರಿತ್ತು. ಸಭೆ ತುಂಬಿತ್ತು, ಮೈಕು ಚೆನ್ನಾಗಿತ್ತು, ಚಪ್ಪಾಳೆ ಬೀಳುತ್ತಿತ್ತು. ಹಿಂದೆ ಯಾವತ್ತೂ ಹೇಳದ ಒಂದು ಮಾತು ಹೇಳಿದೆ. "ಯಾವುದು ಇಲ್ಲದೆ ನಿಮಗೆ ಒಂದು ದಿನ ಇರಲು ಆಗುವುದಿಲ್ಲವೋ ಅದೇ ನಿಮ್ಮ ಚಟ. ಅದನ್ನು ಈ ಜೋಳಿಗೆಗೆ ಹಾಕಿ!"

ಕೇಳುವುದಕ್ಕೆ ಎಷ್ಟು ಚಂದ ಇದೆ, ಅಲ್ಲವೇ? ನೀವೂ ಚಪ್ಪಾಳೆ ತಟ್ಟಿದಿರಿ. ಸುಳ್ಳು ಮಾತು ಅದು. ನೀರಿಲ್ಲದೆ ಒಂದು ದಿನ ಇರುತ್ತೀರಾ? ನೀರು ಚಟವೇ?

ಹೆಣ್ಣುಮಕ್ಕಳ ಸಾಲಿನಿಂದ ನೀಲವ್ವ ಎದ್ದು ಬಂದಳು. ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಪೊಟ್ಟಣ ತೆಗೆದಳು.

"ಅಜ್ಜಾರ, ಇದನ್ನೂ ಹಾಕಬೇಕೇನ್ರಿ?"

"ಏನವಾ ಅದು?"

"ಮನಸಿನ ಗುಳಗಿರಿ. ಮೂರು ವರ್ಷ ಆತ್ರಿ, ದಿನಾ ತಗೋತೀನಿ."

"ಬಿಟ್ರ ಏನಾಕ್ಕೈತಿ?"

"ಗೊತ್ತಿಲ್ರಿ. ಬಿಟ್ಟು ನೋಡಿಲ್ಲ."

ಅವಳು ಕೇಳಿದ್ದು ಪ್ರಶ್ನೆ. ನೆನಪಿಡಿ, ಪ್ರಶ್ನೆ ಕೇಳಿದ್ದಳು. ಹಾಕಬೇಕೇನ್ರಿ ಅಂದಿದ್ದಳು. ಗೊತ್ತಿಲ್ಲದವನು ಏನು ಹೇಳಬೇಕು? "ನನಗ ಗೊತ್ತಿಲ್ಲವಾ, ಡಾಕ್ಟರನ್ನ ಕೇಳು" ಅನ್ನಬೇಕು. ಆ ನಾಲ್ಕು ಶಬ್ದ ನನ್ನ ಬಾಯಿಂದ ಬರಲಿಲ್ಲ. ಸಾವಿರ ಜನರ ಮುಂದೆ ನನಗೆ ಗೊತ್ತಿಲ್ಲ ಅನ್ನುವುದು ಗದ್ದುಗೆಯ ಮೇಲೆ ಕೂತವನಿಗೆ ಬಹಳ ಕಷ್ಟ. ನಾನು ಆ ಪೊಟ್ಟಣ ಇಸಿದುಕೊಂಡು ಮೇಲೆತ್ತಿ ಹಿಡಿದೆ. "ನೋಡಿ ಈ ತಾಯಿಯನ್ನು! ದೇವರ ನಾಮ ಇರುವ ಮನಸ್ಸಿಗೆ ಗುಳಿಗೆ ಯಾಕೆ?" ಅಂದೆ. ಆಣೆ ಮಾಡಿಸಿದೆ. ಶಾಲು ಹೊದಿಸಿದೆ. ನೀವು ಮೊಬೈಲಿನಲ್ಲಿ ಹಿಡಿದು ಊರೆಲ್ಲ ಹಂಚಿದಿರಿ. ಗುಳಿಗೆ ಬೀಡಿಯ ಜೊತೆ ಸುಟ್ಟುಹೋಯಿತು.

ಮೂರನೆಯ ದಿನ ಅವಳಿಗೆ ತಲೆ ತಿರುಗತೊಡಗಿತು. ನಿಂತರೆ ನೆಲ ವಾಲುತ್ತಿತ್ತು. ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಸಣ್ಣದಾಗಿ ಕರೆಂಟ್ ಹೊಡೆದ ಹಾಗೆ ಜುಂ ಅನ್ನುತ್ತಿತ್ತು. ವಾಂತಿ. ನಿದ್ದೆಯಿಲ್ಲ, ನಿದ್ದೆ ಬಂದರೆ ಕೆಟ್ಟ ಕನಸು. ಯಾವತ್ತೂ ಗಟ್ಟಿಯಾಗಿ ಮಾತಾಡದವಳು ಜೊತೆಯ ಹೆಣ್ಣುಮಕ್ಕಳ ಮೇಲೆ ಕೂಗಾಡಿದಳು, ಆಮೇಲೆ ತಾನೇ ಅತ್ತಳು. ರೊಟ್ಟಿ ತಟ್ಟಲು ಹೋದರೆ ಕೈ ನಡುಗಿ ಅಂಚು ಹರಿಯುತ್ತಿತ್ತು.

ಐದನೆಯ ದಿನ ನನ್ನ ಹತ್ತಿರ ಬಂದಳು. ಕಂಬ ಹಿಡಿದುಕೊಂಡು ನಿಂತು ಎಲ್ಲ ಹೇಳಿದಳು. ಇದು ಎರಡನೆಯ ಅವಕಾಶ. ದೇವರು ನನಗೆ ಎರಡನೆಯ ಅವಕಾಶ ಕೊಟ್ಟ. ನಾನು ಏನು ಹೇಳಿದೆ ಗೊತ್ತೇ?

"ವಿಷ ಹೊರಗ ಹೊಂಟೈತವಾ, ತಡಕೋ."

ಯಾವ ವಿಷ? ಯಾರು ಹೇಳಿದ್ದರು ನನಗೆ ಅದು ವಿಷ ಅಂತ? ಯಾರೂ ಹೇಳಿರಲಿಲ್ಲ. ನಾಲಿಗೆಗೆ ಬಂತು, ಹೇಳಿದೆ. ವಿಭೂತಿ ಕೊಟ್ಟು ಕಳಿಸಿದೆ. ಅವಳು ತಡೆದುಕೊಂಡಳು. ನಾನು ಹೇಳಿದೆ ಅಂತ ತಡೆದುಕೊಂಡಳು. ಒಂಬತ್ತನೆಯ ದಿನ ರೊಟ್ಟಿ ತಿರುವಿ ಹಾಕುವಾಗ ತಲೆಯೊಳಗೆ ಅದೇ ಜುಂ ಬಂದು, ಕಣ್ಣು ಕತ್ತಲಾಗಿ ಮುಂದಕ್ಕೆ ಬಿದ್ದಳು. ಎಡಗೈ ಪೂರ್ತಿ ಕಾದ ಹಂಚಿನ ಮೇಲೆ ಬಿತ್ತು.

ಅವಳ ಗಂಡ ಮಠಕ್ಕೆ ಬಂದ. ಅವನು ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕೈಮುಗಿದು ನಿಂತ.

"ಅಜ್ಜಾರ, ದವಾಖಾನ್ಯಾಗ ಅದಾಳ್ರಿ. ಡಾಕ್ಟರು ಗುಳಗಿ ಮತ್ತ ಚಾಲೂ ಮಾಡ್ರಿ ಅಂತಾರ. ಈಕಿ ಬಾಯಿ ತಗೀವಲ್ಲಳು. ಜೋಳಿಗಿಗೆ ಹಾಕಿದ್ದು ಮುಟ್ಟಂಗಿಲ್ಲ, ಆಣಿ ಮಾಡೀನಿ ಅಂತಾಳ. ಯಾಕ ಬದುಕಬೇಕು ಅಂತ ನನ್ನ ಕೇಳಾಕತ್ಯಾಳ್ರಿ. ನಾ ಏನು ಹೇಳ್ಲಿ? ನೀವ ಬಂದು ಬಿಡಿಸ್ರಿ."

ನಾನು ಹೋದೆ. ಡಾಕ್ಟರು ನನಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು, ಆಮೇಲೆ ಕೇಳಿದರು.

"ಅಜ್ಜಾರ, ನಿಮಗ ಸಕ್ಕರಿ ಕಾಯಿಲೆ ಐತಲ್ರಿ? ಗುಳಗಿ ತಗೋತೀರಿ?"

"ದಿನಾ ಎರಡು."

"ಅವನ್ನ ಜೋಳಿಗಿಗೆ ಹಾಕಿದ್ರೇನು?"

ಮೂವತ್ತು ವರ್ಷ ಪ್ರವಚನ ಮಾಡಿದವನು ಆ ಕುರ್ಚಿಯಲ್ಲಿ ಕೇಳುತ್ತ ಕೂತೆ. ಅವರೇ ತಿಳಿಸಿ ಹೇಳಿದರು. ಮೂರು ವರ್ಷ ದೇಹ ಆ ಗುಳಿಗೆಯ ಜೊತೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ತಡಬಡಿಸುತ್ತದೆ. ಆ ತಲೆ ತಿರುಗುವುದು, ಆ ಕರೆಂಟ್ ಹೊಡೆದಂತಾಗುವುದು, ಆ ಅಳು, ಎಲ್ಲ ಅದರಿಂದ ಬಂದದ್ದು. ವಿಷವೂ ಅಲ್ಲ, ಚಟವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದರ ಮೇಲೆ ಹಳೆಯ ಕಾಯಿಲೆಯೂ ತಿರುಗಿ ಬರಬಹುದು. "ಬಿಡಬಾರದಂತ ನಾ ಹೇಳಾಂಗಿಲ್ಲರಿ. ಕಾಲ ಬಂದಾಗ ಬಿಡಿಸ್ತೀನಿ. ತಿಂಗಳಾನುಗಟ್ಟಲೆ, ಸ್ವಲ್ಪ ಸ್ವಲ್ಪ ಇಳಿಸಿ, ಕಣ್ಣಿಟ್ಟು ನೋಡಿಕೊಂತ ಬಿಡಿಸ್ತೀನಿ" ಅಂದರು.

ತಾಯಂದಿರೇ, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಒಲೆಯ ಮೇಲೆ ಕಾದ ಮಣ್ಣಿನ ಹಂಚಿಗೆ ತಣ್ಣೀರು ಸುರಿಯುತ್ತೀರಾ? ಸುರಿದರೆ ಟಪ್ಪನೆ ಒಡೆಯುತ್ತದೆ. ಕೆಳಗಿಳಿಸಿ ತಾನಾಗಿ ಆರಲು ಬಿಡುತ್ತೀರಿ. ಒಂದು ಹಂಚಿಗೆ ತೋರಿಸುವ ಜಾಣತನವನ್ನು ಒಂದು ಜೀವಕ್ಕೆ ನಾನು ತೋರಿಸಲಿಲ್ಲ.

ಮಂಚದ ಹತ್ತಿರ ಹೋದೆ. ಕೈಗೆ ಬಟ್ಟೆ ಸುತ್ತಿದ್ದರು. "ನೀಲವ್ವಾ, ಆಣಿ ಬಿಡಿಸೀನಿ, ಗುಳಗಿ ತಗೋ" ಅಂದೆ. ಅವಳು ನನ್ನನ್ನು ನೋಡಿದಳು. ಅವಳು ಅವತ್ತು ಹೇಳಿದ್ದು ಈ ಒಂದು ವರ್ಷ ನನ್ನ ಕಿವಿಯಲ್ಲೇ ಇದೆ.

"ಮಂದ್ಯಾಗ ಇಸ್ಕೊಂಡ್ರಿ, ಇಲ್ಲಿ ಕಿವಿಯಾಗ ಬಿಡಿಸ್ತೀರಿ. ಮಂದ್ಯಾಗ ಹೇಳ್ತೀರೇನ್ರಿ?"

ಹೇಳುತ್ತೇನೆ ಅಂದೆ. ಆ ಮಾತು ನಂಬಿ ಅವಳು ಗುಳಿಗೆ ನುಂಗಿದಳು. ನಾಲ್ಕಾರು ದಿನದಲ್ಲಿ ತಲೆ ತಿರುಗುವುದು ನಿಂತಿತು. ಮನಸ್ಸು ಮೊದಲಿನ ಹಾಗೆ ಆಗಲು ಚಳಿಗಾಲ ಕಳೆಯಬೇಕಾಯಿತು. ಕೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ನಾನು ಹೇಳಿದೆನೇ? ಆ ಶ್ರಾವಣದ ಪ್ರವಚನ ಮುಗಿಯುವ ಮಂಗಲದ ದಿನ ಇದೇ ಕಟ್ಟೆಯ ಮೇಲೆ ಕೂತಿದ್ದೆ. ಇದೇ ಮೈಕು ಎದುರಿಗಿತ್ತು. ಬಾಯಿ ತೆರೆದೆ, ಸಭೆ ನೋಡಿದೆ, ಬೇರೆ ಕಥೆ ಹೇಳಿದೆ. ಯಾವುದೋ ಶ್ರೀಮಂತನ ಕಥೆ ಹೇಳಿದೆ. ನೀವು ನಕ್ಕಿರಿ.

ನಾನು ಸುಮ್ಮನಿದ್ದದ್ದರಿಂದ ನೀವು ಮಾತಾಡಿದಿರಿ. "ಅಜ್ಜಾರಿಗೆ ಕೊಟ್ಟ ಮಾತು ಮುರದಾಕಿ" ಅಂದಿರಿ. "ಆಣಿ ಮುರದ್ಲು, ಅದಕ್ಕ ಕೈ ಸುಟ್ತು" ಅಂದಿರಿ. ಕೈ ಸುಟ್ಟದ್ದು ಆಣೆ ಮುರಿಯುವುದಕ್ಕಿಂತ ಮೊದಲು, ಅದನ್ನು ಲೆಕ್ಕ ಹಾಕಿ ನೋಡಲಿಲ್ಲ ಯಾರೂ. ಜೊತೆಗೆ ರೊಟ್ಟಿ ಬಡಿಯುತ್ತಿದ್ದ ಐವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಮಠದ ದಾಸೋಹದವರು ಅವಳ ರೊಟ್ಟಿ ನಿಲ್ಲಿಸಿದರು. ಹೌದು, ನನ್ನ ಮಠದವರು, ನನ್ನ ಕಣ್ಣೆದುರಿಗೆ. ಕಾಯಿಲೆ ಅವಳಿಂದ ಕಸಿಯಲಾರದ್ದನ್ನು ನಾವು ಕಸಿದೆವು. ನಿನ್ನೆ ನಾನು ಹೋದಾಗ ಅವಳು ಒಬ್ಬಳೇ ಬಡಿಯುತ್ತಿದ್ದಳು, ಬಲಗೈಯಿಂದ. ಓಣಿಯ ತುದಿಗೆ ಸದ್ದು ಕೇಳುತ್ತಿರಲಿಲ್ಲ.

ಅವಳು ಇವತ್ತು ಇಲ್ಲಿಗೆ ಬಂದಿಲ್ಲ. ಯಾಕೆ ಬರಬೇಕು? ಮೈಕಿನ ತಮ್ಮಾ, ಆ ಓಣಿಯ ಕಡೆಯ ಹಾರ್ನ್ ಚಾಲೂ ಐತೇನಪಾ? ಸ್ವಲ್ಪ ಸದ್ದು ಏರಿಸು.

ತಾಯೀ, ನೀನು ಯಾವ ಮಾತನ್ನೂ ಮುರಿದಿಲ್ಲ. ಕೇಳಬಾರದ ಮಾತನ್ನು ನಿನ್ನಿಂದ ನಾನು ಕೇಳಿ ಪಡೆದೆ. ಕೊಟ್ಟ ಮಾತನ್ನು ಮುರಿದವನು ನಾನು. ಆ ಆಣೆಯನ್ನು ಮಂದಿಯಲ್ಲೇ ಹಿಂದಕ್ಕೆ ಪಡೆಯುತ್ತಿದ್ದೇನೆ. ತಪ್ಪಾಯಿತು.

ಈಗ ನಿಮಗೆ ಹೇಳುತ್ತೇನೆ, ಕೇಳಿ. ಅಳುವುದನ್ನು ನಿಲ್ಲಿಸಿ, ಕೇಳಿ. ಅತ್ತು ಮನೆಗೆ ಹೋಗಿ ಉಂಡು ಮಲಗಿದರೆ ಅದೂ ಒಂದು ಚಟವೇ. ನಿಮ್ಮ ಮನೆಯಲ್ಲಿ ಯಾರಾದರೂ ಮನಸ್ಸಿಗೆ ಔಷಧ ತೆಗೆದುಕೊಳ್ಳುತ್ತಿದ್ದರೆ, ಬಿಡು ಎಂದು ನಾನು ಹೇಳಿದರೂ ಬಿಡಬೇಡಿ. ಯಾವ ಸ್ವಾಮಿ ಹೇಳಿದರೂ, ಅತ್ತೆ ಹೇಳಿದರೂ, ಮೊಬೈಲಿನಲ್ಲಿ ಬಂದರೂ ಬಿಡಬೇಡಿ. ಈಗ ಆರಾಮ ಇದ್ದೀನಿ, ಇನ್ನೇಕೆ ಅಂತ ನಿಮಗೇ ಅನ್ನಿಸಿದರೂ ನೀವಾಗಿ ನಿಲ್ಲಿಸಬೇಡಿ. ಕೊಟ್ಟವರ ಹತ್ತಿರ ಹೋಗಿ ಕೇಳಿ, ಅವರು ಇಳಿಸುತ್ತಾರೆ. ಈಗಾಗಲೇ ಒಮ್ಮೆಲೇ ನಿಲ್ಲಿಸಿ ತಲೆ ತಿರುಗಿ ಒದ್ದಾಡುತ್ತಿರುವವರು ಈ ಸಭೆಯಲ್ಲಿ ಒಬ್ಬರಿದ್ದರೂ ತಡೆದುಕೊಳ್ಳಬೇಡಿ, ನಾಳೆ ಅನ್ನಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಬದುಕು ಬೇಡ ಅಂತ ಯಾರಾದರೂ ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಕೈಹಿಡಿದು ಕರೆದುಕೊಂಡು ಹೋಗಿ. ನನ್ನ ಜೋಳಿಗೆಗೆ ಇನ್ನು ಮೇಲೆ ಗುಳಿಗೆ ಬಿದ್ದರೆ ತೆಗೆದು ನಿಮ್ಮ ಕೈಗೇ ಕೊಡುತ್ತೇನೆ.

ಮತ್ತೆ ಆ ಐದು ಜನ ಹೆಣ್ಣುಮಕ್ಕಳು. ನೀವು ಇಲ್ಲೇ ಕೂತಿದ್ದೀರಿ, ನನಗೆ ಕಾಣುತ್ತಿದ್ದೀರಿ. ತಲೆ ತಗ್ಗಿಸಬೇಡಿ ತಂಗಿಯರೇ, ನಿಮ್ಮನ್ನು ದಾರಿ ತಪ್ಪಿಸಿದವನು ನಾನು. ನಾಳೆ ಬೆಳಗ್ಗೆ ಆ ಮನೆಗೆ ಹೋಗಿ. ಅವಳು ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ಕೂತುಕೊಳ್ಳಿ. ತೆರೆದರೆ, ಇನ್ನೂ ಗುಳಗಿ ತಗೋತೀಯೇನು ಅಂತ ಮಾತ್ರ ಕೇಳಬೇಡಿ. ಸೆರಗು ಸಿಕ್ಕಿಸಿ ಒಳಗೆ ಹೋಗಿ, "ಅಕ್ಕಾ, ಇವತ್ತು ಎಷ್ಟು ಹಿಟ್ಟು ನಾದೂಣು?" ಅಂತ ಕೇಳಿ.