ಕುರುಡನ ಪಾರ್ಟು

ತಿಪಟೂರಿನ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಹಾಲ್ಕುರಿಕೆಯ ಇಬ್ಬರು ಗೆಳೆಯರು ಕೂತಿದ್ದರು. ಹಿಂದೆ ಟೆಂಟಿನಲ್ಲಿ ನೋಡಿದ್ದ ಯಾವುದೋ ಹಳೆಯ ಚಿತ್ರದ ಮಾತು ನಡೆದಿತ್ತು. ಶಂಭುಲಿಂಗಯ್ಯನವರಿಗೆ ಅದರ ನಾಯಕನ ಮೇಲೆ ಸಿಟ್ಟು.

"ಎಲ್ಲಾ ಪಾರ್ಟೂ ಚೆನ್ನಾಗಿ ಮಾಡ್ತಾನೆ ಕಣ್ಲಾ. ಕುರುಡನ ಪಾರ್ಟು ಮಾತ್ರ ಕೆಡಿಸ್ಬುಟ್ಟ."

"ಟೆಂಟ್ನಾಗೆ ಎಲ್ರೂ ಅತ್ತುಬುಟ್ರಲ್ಲಪ್ಪ."

"ಎರಡೂ ಕೈ ಮುಂದಕ್ಕೆ ಚಾಚ್ಕಂಡು ಯಾವ ಕುರುಡ ನಡೀತಾನ್ಲಾ? ಕಿವಿ ಇಲ್ವಾ ಅವ್ನಿಗೆ? ಅಟ್ಟದ ಮೇಲೆ ಕಾಯಿ ಅಲ್ಲಾಡ್ಸಿ, ಕೊಬ್ಬರಿ ಆಗೈತೋ ಇಲ್ವೋ ಸದ್ದಿನಾಗೇ ಹೇಳಕಿಲ್ವಾ ನಾವು?"

"ಕಣ್ಣಲ್ಲೂ ನೋಡ್ತೀವಲ್ಲಪ್ಪ."

"ನಾನು ಈ ವರ್ಷವೆಲ್ಲ ಬರೀ ಸದ್ದಿನ ಮೇಲೇ ಕಾಯಿ ಆರ್ಸಿವ್ನಿ. ನನ್ ಹೆಂಡ್ರಿಗೂ ಗೊತ್ತಾಗ್ಲಿಲ್ಲ."

"ಒಂದ್ ವರ್ಷದಿಂದ್ಲೇ ಕಾಣಕಿಲ್ವಾ ನಿಂಗೆ?"

"ಆಕ್ಟಿಂಗ್ ಅಂದ್ರೆ ಅದು ಕಣ್ಲಾ."

ನರ್ಸು ಒಳಗಿನಿಂದ ಹೆಸರು ಕೂಗಿದರು. ಹಿಡಿಯಲು ಬಂದ ಗೆಳೆಯನ ಕೈಯನ್ನು ಕೊಡವಿ ಶಂಭುಲಿಂಗಯ್ಯ ಎದ್ದರು. ನಾಲ್ಕು ಹೆಜ್ಜೆ ನೆಟ್ಟಗೆ ಇಟ್ಟರು. ಆಮೇಲೆ ಅವರ ಎರಡೂ ಕೈಗಳು ಮೆಲ್ಲಗೆ ಮುಂದಕ್ಕೆ ಚಾಚಿಕೊಂಡವು.

"ವೀರಭದ್ರ, ಬಾಗ್ಲು ಯಾವ ಕಡೆ ಐತ್ಲಾ?"

ಗೆಳೆಯ ಓಡಿಹೋಗಿ ಕೈ ಹಿಡಿದುಕೊಂಡ. ಒಳಗೆ ಹೋಗುವಾಗ ಅವರು ಹೇಳಿದ್ದು ನನಗೂ ಕೇಳಿಸಿತು.

"ಆವಯ್ಯ ಸರ್ಯಾಗೇ ಮಾಡಿದ್ದ ಕಣ್ಲಾ."